ಗ್ರ್ಯಾನಿ ಹಾರ್ಟ್ ಕೊಟ್ಟ ಮದ್ದು

ಅಮ್ಮನನ್ನು ಕರೆದುಕೊಂಡು ವರ್ಜೀನಿಯಾದ ಅಕ್ಕನ ಮನೆಗೆ ಹೋಗಿದ್ದ ಚಳಿಗಾಲದಲ್ಲಿ, ಹಿಮ ಬಿದ್ದು ಎಲ್ಲಿಗೂ ಹೊರಡಲಾಗದ ಒಂದು ಶನಿವಾರ, ಭಾವ ಗ್ರಂಥಾಲಯದಿಂದ ತಂದಿಟ್ಟಿದ್ದ ಹಳೆಯ ಅಮೆರಿಕನ್ ಭಯಕಥಾ ಸರಣಿಗಳ ಡಿವಿಡಿಗಳನ್ನು ನೋಡಲು ಕುಳಿತೆವು. ಪ್ರತಿ ಕಂತಿಗೂ ಬೇರೆ ಕಥೆ, ಬೇರೆ ನಟರು; ಬದಲಾಗದವನು ನಿರೂಪಕನೊಬ್ಬನೇ. ಎನ್‌ಬಿಸಿ ಟಿವಿ ವಾಹಿನಿಯಲ್ಲಿ 1960ರಿಂದ 1962ರವರೆಗೆ ಬಂದ ‘ಥ್ರಿಲ್ಲರ್’ನಲ್ಲಿ ಆ ಕೆಲಸ ಬೋರಿಸ್ ಕಾರ್ಲಾಫ್‌ನದು, ಸಿಬಿಎಸ್‌ನಲ್ಲಿ 1959ರಿಂದ 1964ರವರೆಗೆ ನಡೆದ ‘ದ ಟ್ವೈಲೈಟ್ ಝೋನ್’ನಲ್ಲಿ ರಾಡ್ ಸರ್ಲಿಂಗ್‌ನದು.

ಮೊದಲು ನೋಡಿದ್ದು ‘ಥ್ರಿಲ್ಲರ್’ನ ‘ಲಾ ಸ್ಟ್ರೆಗಾ’. ನಟಿ ಐಡಾ ಲುಪಿನೊ ನಿರ್ದೇಶಿಸಿದ ಈ ಕಂತಿನಲ್ಲಿ ಇಟಲಿಯ ಹಳ್ಳಿಗರು ಮಾಟಗಾತಿಯೆಂದು ಕೊಲ್ಲಹೊರಟ ಹುಡುಗಿಯನ್ನು ಚಿತ್ರಕಾರನೊಬ್ಬ ಕಾಪಾಡುತ್ತಾನೆ. ಹುಡುಗಿ ಅರ್ಸುಲಾ ಆಂಡ್ರೆಸ್. ಅವಳ ಅಜ್ಜಿಯಾಗಿ, ನಿಜವಾದ ಮಾಟಗಾತಿಯಾಗಿ ಜೀನೆಟ್ ನೋಲನ್. ಆರ್ಸನ್ ವೆಲ್ಸ್‌ನ 1948ರ ‘ಮ್ಯಾಕ್‌ಬೆತ್’ ಚಿತ್ರದಲ್ಲಿ ಲೇಡಿ ಮ್ಯಾಕ್‌ಬೆತ್ ಆಗಿದ್ದವಳು ಈಕೆಯೇ. ಕಂತು ಚೆನ್ನಾಗಿದೆ, ಆದರೆ ಶಾಪ, ಕೇಕೆ, ನೆರಳುಗಳೆಲ್ಲ ತುಸು ಹೆಚ್ಚಾಯಿತೆಂದು ನನಗನ್ನಿಸಿತು. ಅಮ್ಮ ಅರ್ಧಕ್ಕೇ ಎದ್ದು ಕಾಫಿ ಮಾಡಲು ಹೋದರು.

ಅವರು ಕದಲದೆ ನೋಡಿದ್ದು 1963ರ ಫೆಬ್ರವರಿಯಲ್ಲಿ ಪ್ರಸಾರವಾದ ‘ಜೆಸ್-ಬೆಲ್’ ಎಂಬ ‘ಟ್ವೈಲೈಟ್ ಝೋನ್’ ಕಂತನ್ನು. ಎಂದಿನ ಅರ್ಧ ಗಂಟೆಯ ಸರಣಿಯನ್ನು ಆ ವರ್ಷ ಒಂದು ಗಂಟೆಗೆ ಹಿಗ್ಗಿಸಿದ್ದರು. ಬಹಳಷ್ಟು ಕಥೆಗಳಿಗೆ ಅದು ಒಗ್ಗಲಿಲ್ಲವಾದರೂ ಇದಕ್ಕೆ ಒಗ್ಗಿದೆ. ಬರೆದವನು ಅರ್ಲ್ ಹ್ಯಾಮ್ನರ್, ಇದೇ ವರ್ಜೀನಿಯಾದವನು. ಬ್ಲೂ ರಿಡ್ಜ್ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ಅವನಿಗೆ ಗುಡ್ಡಗಾಡಿನ ಮಾತೂ ನಂಬಿಕೆಯೂ ಮನೆಯಲ್ಲೇ ಸಿಕ್ಕಿದ್ದವು. ಬೇರೊಬ್ಬಳೊಡನೆ ಮದುವೆ ನಿಶ್ಚಯವಾದ ಬಿಲ್ಲಿ-ಬೆನ್‌ನನ್ನು ಒಲಿಸಿಕೊಳ್ಳಲು ಜೆಸ್-ಬೆಲ್ ಗ್ರ್ಯಾನಿ ಹಾರ್ಟ್ ಎಂಬ ಮುದುಕಿಯ ಬಳಿ ಹೋಗುತ್ತಾಳೆ. ಆ ಮುದುಕಿಯೂ ಜೀನೆಟ್ ನೋಲನ್‌ಳೇ! ಇಲ್ಲಿ ಮಾತ್ರ ಆಕೆಗೆ ಕೇಕೆಯ ಅಗತ್ಯವೇ ಬೀಳಲಿಲ್ಲ. ಪಡಸಾಲೆಯಲ್ಲಿ ಕುಳಿತ ನಾಟಿವೈದ್ಯೆಯಂತೆ ಗಿರಾಕಿಯನ್ನು ಅಳೆದು ನೋಡುತ್ತಾಳೆ, ಬೆಲೆಯ ಪ್ರಶ್ನೆ ಬಂದಾಗ ಮಾತು ತೇಲಿಸುತ್ತಾಳೆ. ಔಷಧವನ್ನು ಜೆಸ್-ಬೆಲ್ ಅಲ್ಲೇ ಕುಡಿಯುತ್ತಾಳೆ.

“ಅಯ್ಯೋ, ಇವಳೇ ಯಾಕೆ ಕುಡಿದಳು?” ಎಂದು ಅಮ್ಮ ಕೇಳಿದರು. “ನಮ್ಮ ಕಡೆ ಮದ್ದು ಹಾಕೋದು ಗಂಡಸಿನ ಊಟಕ್ಕಲ್ಲವೇನೆ?”

ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮ ಕಂತಿನ ಗಂಟನ್ನೇ ಹಿಡಿದಿದ್ದರು. ಊರಿನಲ್ಲಿ ಕೇಳಿ ಬೆಳೆದ ಮದ್ದಿನ ಕಥೆಗಳಲ್ಲಿ ಒಳಗೆ ಹೋದ ವಸ್ತು ಕೊರೆಯುವುದು ತಿಂದ ಗಂಡನನ್ನು. ಹಾಕಿದವಳು ಹೊರಗೇ ಉಳಿಯುತ್ತಾಳೆ. ಇಲ್ಲಿ ಬಿಲ್ಲಿ-ಬೆನ್ ಏನನ್ನೂ ಉಣ್ಣದೆ ಮರುಳಾಗುತ್ತಾನೆ, ಕುಡಿದವಳು ಪ್ರತಿ ಮಧ್ಯರಾತ್ರಿ ಚಿರತೆಯಾಗುತ್ತಾಳೆ. ತಾನೀಗ ಮಾಟಗಾತಿ, ತನಗೆ ಆತ್ಮವೇ ಉಳಿದಿಲ್ಲ ಎಂದು ಅವಳಿಗೆ ಗೊತ್ತಾಗುವುದು ಆಮೇಲೆ. ಬೇಟೆಗಾರರು ಚಿರತೆಯನ್ನು ಹೊಡೆದ ಮೇಲೂ ಅವಳು ರೂಪ ಬದಲಿಸುತ್ತಾ ಮರಳಿದಾಗ, ಬಿಲ್ಲಿ-ಬೆನ್ ಉಪಾಯ ಕೇಳಲು ಹೋಗುವುದು ಅದೇ ಗ್ರ್ಯಾನಿ ಹಾರ್ಟ್ ಬಳಿಗೆ. ಜೆಸ್-ಬೆಲ್‌ಳ ಬಟ್ಟೆಯಿಂದ ಆಕೃತಿ ಮಾಡಿ ಎದೆಗೆ ಬೆಳ್ಳಿಯಿಂದ ಚುಚ್ಚಬೇಕೆಂದು ಮುದುಕಿ ನಿರ್ವಿಕಾರವಾಗಿ ಹೇಳಿಕೊಡುತ್ತಾಳೆ.

ಕಂತು ಮುಗಿದಾಗ ಅಕ್ಕ, “ಕೊನೆಗೆ ಬಂದು ಮಾತಾಡೋ ಸೂಟಿನವನೆಲ್ಲಿ?” ಎಂದಳು. ಸರ್ಲಿಂಗ್ ಮುಕ್ತಾಯದಲ್ಲಿ ಬರಲೇ ಇಲ್ಲ. ಆ ಜಾಗದಲ್ಲಿ ಜನಪದ ಧಾಟಿಯ ಹಾಡೊಂದಿದೆ. ಉಳಿದ ಕಂತುಗಳಲ್ಲಿ ನಡೆದುದನ್ನು ಅಚ್ಚುಕಟ್ಟಾಗಿ ಮಡಿಚಿ ನಮ್ಮನ್ನು ಸುರಕ್ಷಿತವಾಗಿ ಆಚೆ ಕಳಿಸುವುದು ಅವನ ದನಿಯೇ. ಅದಿಲ್ಲದ ಕಾರಣ ಈ ಕಥೆ ಬೆಟ್ಟದ ಜನರು ತಾವೇ ಹೇಳಿಕೊಂಡಂತೆ ಉಳಿಯುತ್ತದೆ, ನನ್ನ ಮಟ್ಟಿಗೆ ಅದರ ಭಯವಿರುವುದೂ ಅಲ್ಲೇ.

ಅಮ್ಮನ ತಕರಾರು ಬೇರೆಯಿತ್ತು. “ಆ ಮುದುಕಿಗೆ ಏನೂ ಆಗಲಿಲ್ಲವಲ್ಲ?” ಎಂದು ಅವರು ಊಟದ ಹೊತ್ತಿಗೂ ಕೇಳಿದರು. ಅವಳು ಮಾರುವವಳಷ್ಟೇ ಎಂದು ಅಕ್ಕ ವಾದಿಸಿದಳು. ಬೆಲೆ ಹೇಳದೆ ಮಾರುವುದು ವ್ಯಾಪಾರವಲ್ಲ ಎಂದು ಅಮ್ಮ ಒಪ್ಪಲಿಲ್ಲ. ನಾನು ಅಮ್ಮನ ಪಕ್ಷ ಸೇರಿದೆ.