ವಾಲಿದ ಗೋಪುರದ ಕೆಳಗೆ ಅಪ್ಪ

ಅಪ್ಪ 35 ವರ್ಷ ಗಾರೆ ಕೆಲಸ ಮಾಡಿದವರು. ತಿಪಟೂರಿನ ಸುತ್ತಮುತ್ತ ಎಷ್ಟು ಮನೆ ಕಟ್ಟಿದ್ದಾರೆ ಅಂತ ಕೇಳಿದರೆ ಅವರಿಗೇ ಲೆಕ್ಕ ಸಿಗಲ್ಲ. ನಾನು ಕೆಲಸಕ್ಕೆ ಅಂತ ಶಾಂಘೈಗೆ ಬಂದ ಮೇಲೆ ಹೋದ ಅಕ್ಟೋಬರ್ ಕೊನೆಯಲ್ಲಿ ಮೊದಲ ಸಲ ಅವರನ್ನು ಕರೆಸಿಕೊಂಡೆ. ಎರಡು ದಿನ ಗಾಜಿನ ಕಟ್ಟಡಗಳನ್ನೆಲ್ಲ ತೋರಿಸಿದೆ. ಕತ್ತೆತ್ತಿ ನೋಡಿದರು, "ಚೆನ್ನಾಗವೆ" ಅಂದರು, ಅಷ್ಟೇ. ಮೂರನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಇಲ್ಲಿ ಹಳೇದು ಏನೂ ಉಳಿದಿಲ್ವೇನಮ್ಮ?" ಅಂತ ಕೇಳಿದರು. ಆಗಲೇ ನನಗೆ ಸುಝೌ ನೆನಪಾಗಿದ್ದು.

ಶಾಂಘೈನಿಂದ ಸುಝೌಗೆ ವೇಗದ ರೈಲಿನಲ್ಲಿ ಅರ್ಧ ಗಂಟೆ. ಆ ಊರು ತೋಟಗಳಿಗೆ ಹೆಸರುವಾಸಿ. ಆದರೆ ನಾವು ಹೊರಟಿದ್ದು ಊರಿನ ಅಂಚಿನಲ್ಲಿರುವ ಹೂಚ್ಯೂಗೆ. ಹಾಗಂದರೆ ಹುಲಿ ಗುಡ್ಡ. ಗುಡ್ಡ ಅಂದೆ ಅಂತ ನಮ್ಮ ಕಡೆಯ ಗುಡ್ಡ ನೆನೆಸಿಕೊಳ್ಳಬೇಡಿ, ಎತ್ತರ 40 ಮೀಟರೂ ಇಲ್ಲ. ಮೊದಲು ಶಾನ್‌ತಾಂಗ್ ಬೀದಿಗೆ ಹೋದೆವು. ಬೈ ಜ್ಯೂಯಿ ಅನ್ನೋ ಕವಿ ಈ ಊರಿನ ಅಧಿಕಾರಿಯಾಗಿದ್ದಾಗ, 825ರಲ್ಲಿ, ಕಾಲುವೆ ತೋಡಿಸಿ ಅದರ ಪಕ್ಕದಲ್ಲೇ ಈ ದಾರಿ ಮಾಡಿಸಿದ. ಇವತ್ತಿಗೂ ಆ ನೀರಿನ ದಂಡೆಯಲ್ಲೇ ಗುಡ್ಡದ ತನಕ ನಡೆದು ಹೋಗಬಹುದು. ಅಲ್ಲಿ ಒಂದು ಅಂಗಡಿಯಲ್ಲಿ ಗುಯಿಹುವಾ ಹೂ ಹಾಕಿದ ಅಕ್ಕಿಹಿಟ್ಟಿನ ಸಿಹಿ ತಗೊಂಡೆವು. ಪೊಟ್ಟಣಕ್ಕೆ ಕೆಂಪು ದಾರ ಕಟ್ಟಿ ಕೊಟ್ಟರು. ಆ ಹೂವಿನ ಕಾಲ ಮುಗಿಯುತ್ತಾ ಬಂದಿತ್ತು, ಆದರೂ ಗಾಳಿ ಬೀಸಿದಾಗ ಎಲ್ಲಿಂದಲೋ ವಾಸನೆ ಬರೋದು. ಸಂಪಿಗೆ ಅಲ್ಲ, ಸುರಗಿಯೂ ಅಲ್ಲ. ಅಪ್ಪ ಸುಮಾರು ದೂರ ಆ ಮರ ಯಾವುದು ಅಂತ ಹುಡುಕುತ್ತಲೇ ನಡೆದರು.

ಸೇತುವೆ ದಾಟಿ ಒಳಗೆ ಹೋದ ಮೇಲೆ ಒಂದು ಬಾಗಿಲು ಮಂಟಪ ಸಿಗುತ್ತದೆ. ಯುವಾನ್ ರಾಜವಂಶದ ಕಾಲದ್ದು, ಅಂದರೆ 13-14ನೇ ಶತಮಾನ. ಅದರ ಹೆಸರೇ ಮುರಿದ ತೊಲೆಯ ಮಂಟಪ. ಇಡೀ ಚಾವಣಿ ಹೊರುವ ನಡು ತೊಲೆ ಒಂದೇ ಮರ ಅಲ್ಲ, ಎರಡು ತುಂಡು. ಮಧ್ಯದಲ್ಲಿ ಕೂಡಿಸಿ, ಕೆಳಗಿನಿಂದ ಮರದ ಬೋದಿಗೆಗಳನ್ನು ಒಂದರ ಮೇಲೊಂದು ಕೊಟ್ಟು ಎತ್ತಿ ಹಿಡಿದಿದ್ದಾರೆ. ಜನ ಅದರ ಕೆಳಗೆ ಸುಮ್ನೆ ನಡೆದು ಹೋಗುತ್ತಿದ್ದರು. ಅಪ್ಪ ಮಾತ್ರ ನಿಂತುಬಿಟ್ಟರು. ತಲೆ ಎತ್ತಿ, ಬಾಯಿ ಸ್ವಲ್ಪ ತೆರೆದು, ಆ ಕೂಡಿಕೆಯನ್ನೇ ನೋಡುತ್ತಾ ಐದು ನಿಮಿಷ. "ಉದ್ದದ ಮರ ಸಿಕ್ಕಿಲ್ಲ ಅನ್ಸುತ್ತೆ. ಸಿಕ್ಕಿದ್ರಲ್ಲೇ ನಿಲ್ಸವ್ರೆ ನೋಡು" ಅಂದರು. ಶಾಂಘೈನಲ್ಲಿ ಎರಡು ದಿನದಲ್ಲಿ ಒಂದು ಸಲವೂ ಅವರ ಮುಖದಲ್ಲಿ ಕಾಣದ ಖುಷಿ ಅಲ್ಲಿ ಕಂಡಿತು.

ಮೇಲೆ ಹೋಗುತ್ತಾ ಒಂದು ದೊಡ್ಡ ಬಂಡೆ ಹಾಸು ಬರುತ್ತದೆ. ಸಾವಿರ ಜನರ ಬಂಡೆ ಅಂತ ಹೆಸರು. ಅದರ ಕಥೆ ಹೇಳುತ್ತೇನೆ. ಕ್ರಿ.ಪೂ. 496ರಲ್ಲಿ ವೂ ರಾಜ್ಯದ ದೊರೆ ಯುದ್ಧದಲ್ಲಿ ಗಾಯವಾಗಿ ಸತ್ತ. ಮಗ ಅವನನ್ನು ಇದೇ ಗುಡ್ಡದಲ್ಲಿ ಮಣ್ಣು ಮಾಡಿಸಿದ. ಆ ದೊರೆಗೆ ಕತ್ತಿ ಅಂದರೆ ಪ್ರಾಣ ಅಂತ 3000 ಕತ್ತಿಗಳನ್ನೂ ಜೊತೆಗೆ ಹೂತರಂತೆ. ಮೂರು ದಿನ ಆದ ಮೇಲೆ ಸಮಾಧಿಯ ಮೇಲೆ ಬಿಳಿ ಹುಲಿ ಬಂದು ಕೂತಿತ್ತಂತೆ, ಅದಕ್ಕೇ ಹುಲಿ ಗುಡ್ಡ. ಇಷ್ಟು ಎಲ್ಲ ಕಡೆ ಹೇಳುತ್ತಾರೆ. ಅದರ ಜೊತೆಗಿರುವ ಇನ್ನೊಂದು ಕಥೆ, ಸಮಾಧಿ ಕಟ್ಟಿದ ಕೆಲಸಗಾರರದ್ದು. ಗುಟ್ಟು ಹೊರಗೆ ಹೋಗಬಾರದು ಅಂತ, ಕೆಲಸ ಮುಗಿದ ಮೇಲೆ ಆ ಸಾವಿರ ಜನರನ್ನೂ ಇದೇ ಬಂಡೆಯ ಮೇಲೆ ಕೊಂದರಂತೆ. ಬಂಡೆ ಕೆಂಪಗಿರೋದು ಅವರ ರಕ್ತದಿಂದ ಅಂತ ಹೇಳುತ್ತಾರೆ.

ನಾನು ಫೋನಿನಲ್ಲಿ ಓದಿಕೊಂಡು ಹೇಳುತ್ತಾ ಹೋದೆ. ಹೇಳಿ ಮುಗಿಸಿ ನೋಡಿದರೆ ಅಪ್ಪ ಬಂಡೆಯ ಅಂಚಿನಲ್ಲಿ ಚಪ್ಪಲಿ ಬಿಡುತ್ತಿದ್ದರು. ಸುತ್ತ ಪ್ರವಾಸಿಗರು, ಮಕ್ಕಳು, ಬಾವುಟ ಹಿಡಿದ ಗೈಡುಗಳು. ಅವರು ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ನಡೆದು ಬಂದರು. "ಗಾರೆ ಕೆಲ್ಸದೋರು, ಕಲ್ಲು ಕೆಲ್ಸದೋರೇ ಅಲ್ವೇನಮ್ಮ ಅವ್ರು?" ಅಂದರು. ಹೌದು ಅಂದೆ. ಅದು ಕಥೆಯೋ ನಿಜವೋ ಅಂತ ಅವರು ಕೇಳಲಿಲ್ಲ. ನನಗೂ ಆ ಹೊತ್ತಿನಲ್ಲಿ ಅದು ಮುಖ್ಯ ಅನ್ನಿಸಲಿಲ್ಲ.

ಅದೇ ಬಂಡೆಯ ಹತ್ತಿರ ತಲೆದೂಗಿದ ಕಲ್ಲು ಅಂತ ಒಂದಿದೆ. ದಾವ್‌ಶೆಂಗ್ ಅನ್ನೋ ಭಿಕ್ಷು, ಎಂಥ ಕೆಟ್ಟವನಲ್ಲೂ ಬುದ್ಧನಾಗುವ ಗುಣ ಇದೆ ಅಂತ ಹೇಳಿದ್ದಕ್ಕೆ ಉಳಿದ ಭಿಕ್ಷುಗಳು ಅವನನ್ನು ಹೊರಗೆ ಹಾಕಿದರು. ಅವನು ಇಲ್ಲಿಗೆ ಬಂದು ಕಲ್ಲುಗಳನ್ನು ಕೂರಿಸಿಕೊಂಡು ಪಾಠ ಹೇಳಿದ, ಕಲ್ಲುಗಳು ಹೌದು ಹೌದು ಅಂತ ತಲೆದೂಗಿದವು ಅನ್ನೋದು ಕಥೆ. ಆಮೇಲೆ ಮಹಾಪರಿನಿರ್ವಾಣ ಸೂತ್ರ ಅನ್ನೋ ಬೌದ್ಧ ಗ್ರಂಥದ ದೊಡ್ಡ ಅನುವಾದ ದಕ್ಷಿಣ ಚೀನಾಕ್ಕೆ ಬಂತು. ನೋಡಿದರೆ ಅದರಲ್ಲೂ ಅದೇ ಮಾತು! ಆ ಅನುವಾದ ಮಾಡಿದವನು ಭಾರತದಿಂದ ಹೋದ ಧರ್ಮಕ್ಷೇಮ. ನನಗೆ ಈ ಜಾಗ ತುಂಬಾ ಇಷ್ಟವಾಯಿತು. ಒಬ್ಬ ಮನುಷ್ಯ ತನಗೆ ಸರಿ ಅನ್ನಿಸಿದ್ದನ್ನು ಕೇಳೋರು ಇಲ್ಲದಿದ್ದರೂ ಹೇಳುತ್ತಾ ಕೂತಿದ್ದ, ಅವನ ಮಾತಿಗೆ ಸಾಕ್ಷಿ ನಮ್ಮ ನೆಲದಿಂದ ನಡೆದು ಬರುತ್ತಿತ್ತು.

ಕತ್ತಿಯ ಕೊಳ ಇರೋದು ಪಕ್ಕದಲ್ಲೇ. ಎರಡು ಕಡೆಯೂ ಕಡಿದಾದ ಬಂಡೆ, ನಡುವೆ ಇಕ್ಕಟ್ಟಾದ ಹಸಿರು ನೀರು, ತುಂಬಾ ಮೇಲೆ ಒಂದು ಕಲ್ಲಿನ ಸೇತುವೆ. ಆ ಸೇತುವೆಯಲ್ಲಿ ಎರಡು ತೂತು ಬಿಟ್ಟಿದ್ದಾರೆ, ಹಿಂದೆ ಅಲ್ಲಿಂದ ಕೊಡ ಇಳಿಸಿ ನೀರು ಸೇದುತ್ತಿದ್ದರಂತೆ. ದೊರೆಯ ಸಮಾಧಿ ಈ ನೀರಿನ ಕೆಳಗೆ ಇದೆ ಅಂತ ಜನ ನಂಬಿದ್ದಾರೆ. 1955ರಲ್ಲಿ ನೀರು ಖಾಲಿ ಮಾಡಿ ಕೊಳ ಸ್ವಚ್ಛ ಮಾಡಿದಾಗ ಕೆಳಗೆ ಒಂದು ಸಣ್ಣ ಓಣಿ, ಅದರ ಕೊನೆಯಲ್ಲಿ ನಿಲ್ಲಿಸಿದ ಕಲ್ಲು ಚಪ್ಪಡಿಗಳು ಕಂಡವು. ತೆಗೆಯಲಿಲ್ಲ. ಯಾಕೆ ಅಂದರೆ ಮೇಲೆ, ಗುಡ್ಡದ ತುದಿಯಲ್ಲಿ, ಬೌದ್ಧರ ಗೋಪುರ ಇದೆ, ಪಗೋಡ ಅಂತಾರಲ್ಲ, ಅದು. ಕೆಳಗೆ ಕೈ ಹಾಕಿದರೆ ಅದು ಬಿದ್ದುಹೋಗಬಹುದು. ಮತ್ತೆ ನೀರು ತುಂಬಿಸಿಬಿಟ್ಟರು. ಒಳ್ಳೇ ಕೆಲಸ ಮಾಡಿದರು ಅಂತ ನನಗೆ ಅನ್ನಿಸುತ್ತದೆ.

ಇನ್ನು ಗೋಪುರ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಒಮ್ಮೆಗೇ ಎದುರಿಗೆ ನಿಲ್ಲುತ್ತದೆ. ಏಳು ಅಂತಸ್ತು, ಎಂಟು ಮೂಲೆ, ಎತ್ತರ 47 ಮೀಟರಿಗಿಂತ ಸ್ವಲ್ಪ ಜಾಸ್ತಿ. ಪೂರಾ ಇಟ್ಟಿಗೆ. 959ರಲ್ಲಿ ಶುರು ಮಾಡಿ 961ರಲ್ಲಿ ಮುಗಿಸಿದ್ದು. ಮರದ ಸೂರುಗಳಿದ್ದವು, ಬೆಂಕಿಗೆ ಹೋದವು. ಈಗ ಬರೀ ಇಟ್ಟಿಗೆ ಮೈ, ಅಲ್ಲಲ್ಲಿ ಬಿಳಿ ಗಾರೆ, ಸಂದುಗಳಲ್ಲಿ ಹುಲ್ಲು. ನಮ್ಮ ಸ್ತೂಪವೇ ಅಲ್ಲಿಗೆ ಹೋಗಿ ಇಷ್ಟುದ್ದ ಬೆಳೆದಿರೋದು. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಚೂರು ಚೂರಾಗಿ ಸಿಕ್ಕ ಸ್ತೂಪ ನೋಡಿದವರಿಗೆ ಇದನ್ನು ನೋಡಿದಾಗ ಏನೋ ಒಂಥರಾ ಆಗುತ್ತದೆ.

ಮತ್ತೆ ಅದು ವಾಲಿದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ತುದಿ ಇರಬೇಕಾದ ಜಾಗದಿಂದ 2.3 ಮೀಟರಿನಷ್ಟು ಆಚೆ ಹೋಗಿದೆ.

ಅಪ್ಪ ಬೇಲಿಯ ಸುತ್ತ ಎರಡು ಸುತ್ತು ಬಂದರು. ಒಂದು ಕಡೆ ನಿಂತು ನೆಲ ನೋಡಿದರು. "ಈ ಕಡೆ ಮಣ್ಣು, ಆ ಕಡೆ ಬಂಡೆ. ಪಾಯ ಅರ್ಧ ಅರ್ಧ ಕೂತೈತೆ ಕಣಮ್ಮ. ಮಣ್ಣು ಕಡೆ ಕುಸಿದದೆ" ಅಂದರು. ನಾನು ಆಮೇಲೆ ಓದಿ ನೋಡಿದೆ. ಅಪ್ಪ ಹೇಳಿದ್ದೇ ಸರಿ. ಇಳಿಜಾರಿನ ಬಂಡೆಯ ಮೇಲೆ ಮಣ್ಣು ತುಂಬಿ ಮಟ್ಟ ಮಾಡಿ ಕಟ್ಟಿದ್ದು, ಈಶಾನ್ಯದ ಕಡೆ ಮಣ್ಣು ದಪ್ಪ, ಗೋಪುರ ವಾಲಿರೋದೂ ಆ ಕಡೆಗೇ.

ಅವರಿಗೆ ಹೇಗೆ ಗೊತ್ತಾಯಿತು ಅಂತ ನನಗೆ ಗೊತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವರು ಒಂದು ಮನೆ ಕಟ್ಟಿದ್ದರು. ಹೀಗೇ, ಹಿಂದಿನ ಅರ್ಧ ಬಂಡೆ, ಮುಂದಿನ ಅರ್ಧ ತುಂಬಿದ ಮಣ್ಣು. ಎರಡನೇ ಮಳೆಗಾಲಕ್ಕೆ ಮುಂದಿನ ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತು. ಅಪ್ಪ ತಮ್ಮ ದುಡ್ಡಲ್ಲೇ ಆ ಗೋಡೆ ಕೆಡವಿ ಮತ್ತೆ ಕಟ್ಟಿಕೊಟ್ಟರು. ಅಮ್ಮನ ಬಳೆ ಅಡ ಹೋಗಿದ್ದು ಆ ವರ್ಷವೇ. ಅದಾದ ಮೇಲೆ ಎಷ್ಟೋ ವರ್ಷ ಅಪ್ಪ ಆ ಬೀದಿಯಲ್ಲಿ ಓಡಾಡುತ್ತಿರಲಿಲ್ಲ.

ಗೋಪುರವನ್ನು ಹೇಗೆ ಉಳಿಸಿಕೊಂಡರು ಅಂತ ಅವರಿಗೆ ಒಂದೊಂದಾಗಿ ಹೇಳಿದೆ. 1638ರಲ್ಲಿ ತುದಿಯ ಅಂತಸ್ತು ಹೊಸದಾಗಿ ಕಟ್ಟುವಾಗ, ಅದನ್ನು ವಾಲಿದ್ದರ ಎದುರು ದಿಕ್ಕಿಗೆ ಸ್ವಲ್ಪ ತಿರುಗಿಸಿ ಕಟ್ಟಿದರು, ತೂಕ ಆ ಕಡೆ ಬೀಳಲಿ ಅಂತ. ಹಾಗಾಗಿ ಈಗ ದಿಟ್ಟಿಸಿ ನೋಡಿದರೆ ಗೋಪುರ ನೆಟ್ಟಗೆ ವಾಲಿಲ್ಲ, ಸಣ್ಣಗೆ ಬಾಗಿದೆ. ಆಮೇಲೆ 1956-57ರಲ್ಲಿ ರಿಪೇರಿ ಮಾಡಿದರು. ಆಗ ಒಳಗೆ ಕಮಲದ ಆಕಾರದ ಹಸಿರು ಪಿಂಗಾಣಿ ಬಟ್ಟಲು ಸಿಕ್ಕಿತು, ಅದೀಗ ಸುಝೌ ಮ್ಯೂಸಿಯಮ್ಮಿನಲ್ಲಿದೆ. ದೊಡ್ಡ ಕೆಲಸ ಆಗಿದ್ದು 1981ರಿಂದ 1986ರವರೆಗೆ. ಪಾಯದ ಸುತ್ತ 44 ಗುಂಡಿ ತೋಡಿ ಕಾಂಕ್ರೀಟ್ ತುಂಬಿ ಬಳೆ ಹಾಕಿದ ಹಾಗೆ ಬಿಗಿದರು. ಅದುರಬಾರದು ಅಂತ ಗುಂಡಿಗಳನ್ನು ಕೈಯಿಂದಲೇ ತೋಡಿದ್ದು. ಮಣ್ಣಿನೊಳಗೆ ಸಿಮೆಂಟ್ ಹಾಲು ಇಳಿಸಿದರು.

"ನೆಟ್ಟಗೆ ಮಾಡ್ಲಿಲ್ವಾ?"

"ಇಲ್ಲಪ್ಪಾ. ಹಾಗೇ ಬಿಟ್ಟಿದ್ದಾರೆ. ಇನ್ನೂ ವಾಲದ ಹಾಗೆ ಮಾಡಿದ್ದಾರೆ ಅಷ್ಟೇ."

ಅಪ್ಪ ಏನೂ ಹೇಳಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ಸಿಹಿಯ ಪೊಟ್ಟಣ ಬಿಚ್ಚಿದರು. ದಾರವನ್ನು ಬಿಸಾಡದೆ ಬೆರಳಿಗೆ ಸುತ್ತಿಕೊಂಡರು. ಜೇಬಿನಿಂದ ತಿಪಟೂರಿನ ಮನೆಯ ಬೀಗದ ಕೈ ತೆಗೆದರು, ಅದನ್ನು ಚೀನಾ ತನಕ ತಂದಿದ್ದಾರೆ ಅಂತ ನನಗೆ ಆಗಲೇ ಗೊತ್ತಾಗಿದ್ದು. ದಾರದ ತುದಿಗೆ ಬೀಗದ ಕೈ ಕಟ್ಟಿದರು. ಎದ್ದು ನಿಂತು, ಕೈ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿದರು. ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಕದ ಗುಂಡು. ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೇನೆ ಆ ಭಂಗಿಯನ್ನು! ಗಾಳಿಗೆ ಬೀಗದ ಕೈ ಸ್ವಲ್ಪ ತೂಗಾಡಿತು. ಅಪ್ಪ ಉಸಿರು ಬಿಗಿಹಿಡಿದು ಕಾದರು. ನಿಂತಿತು. ಕೆಂಪು ದಾರ ಒಂದು ಕಡೆ, 1000 ವರ್ಷದ ಇಟ್ಟಿಗೆ ಅಂಚು ಇನ್ನೊಂದು ಕಡೆ, ನಡುವೆ ಮೇಲಕ್ಕೆ ಹೋದ ಹಾಗೆ ಅಗಲವಾಗುವ ಆಕಾಶದ ಸಂದು.

ಪಕ್ಕದ ಬೆಂಚಿನಲ್ಲಿ ಒಬ್ಬ ಚೀನೀ ಅಜ್ಜ ಕೂತಿದ್ದರು, ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು. ಅವರು ಎದ್ದು ಬಂದು ಅಪ್ಪನ ಹಿಂದೆ ನಿಂತು, ಅಪ್ಪನ ಭುಜದ ಮೇಲಿಂದ ತಾವೂ ಒಂದು ಕಣ್ಣು ಮುಚ್ಚಿ ನೋಡಿದರು. ಅಂಗೈಯನ್ನು ನೆಟ್ಟಗೆ ಹಿಡಿದು ನಿಧಾನವಾಗಿ ವಾಲಿಸಿ ತೋರಿಸಿದರು. ಅಪ್ಪ ಹೌದು ಅಂತ ತಲೆಯಾಡಿಸಿದರು. ಆಮೇಲೆ ದಾರವನ್ನು ಅವರ ಕೈಗೆ ಕೊಟ್ಟರು, ಎಲ್ಲಿ ಹಿಡಿಯಬೇಕು ಅಂತ ಅವರ ಮೊಣಕೈಯನ್ನು ಸ್ವಲ್ಪ ಮೇಲೆತ್ತಿ ಸರಿಮಾಡಿದರು.

ಇಳಿಯುವ ದಾರಿಯಲ್ಲಿ ಕುಂಡದ ಮರಗಳ ತೋಟ ಇತ್ತು. ಮಂಡಿ ಎತ್ತರದ ಕುಂಡಗಳಲ್ಲಿ ನೂರಾರು ವರ್ಷದ ಮರಗಳು. ಚೆನ್ನಾಗಿತ್ತು, ಆದರೆ ನಾವಿಬ್ಬರೂ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ರೈಲಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಆ ಮನೆ ಗೋಡೆ ಈಗ್ಲೂ ನೆಟ್ಟಗದೆ ಕಣಮ್ಮ. ಹೋದ್ ತಿಂಗ್ಳು ಹೋಗಿ ನೋಡ್ಕೊಂಡು ಬಂದೆ" ಅಂದರು.