ಮೂವತ್ತು ಸೆಕೆಂಡ್ ಸಾಕು

ಕೋಲಾರದಲ್ಲಿ ಟೊಮ್ಯಾಟೊ ಸೀಸನ್ ಅಂದರೆ ನನಗೆ ನಿದ್ದೆ ಕಮ್ಮಿ. ಒಂದು ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಾನೇ. ಒಂದು ಬೆಳಿಗ್ಗೆ ಹರಾಜು ಜೋರಾಗಿ ನಡೆಯುತ್ತಿತ್ತು, ಬಿಲ್ ಮಾತ್ರ ಬರುತ್ತಿರಲಿಲ್ಲ. ರೈತರು ಚೀಟಿ ಹಿಡಿದು ನಿಂತಿದ್ದರು.

ಲೆಕ್ಕವೆಲ್ಲಾ ಇರೋದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ಅದರಲ್ಲಿ ಈಗ ಏನೇನು ಓಡುತ್ತಿದೆ ಅಂತ ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ತೆರೆದು ನೋಡಿದೆ. ಒಂದೇ ರಿಪೋರ್ಟ್ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಆರು ಸಲ ಓಡುತ್ತಿದೆ! ಮೊದಲನೆಯದಕ್ಕೆ ಆಗಲೇ 47 ನಿಮಿಷ. ಗುಮಾಸ್ತರು ಪುಟ ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದ್ದಾರೆ. ಬ್ರೌಸರ್ ಮುಚ್ಚಿದರೆ ಕ್ವೆರಿ ತಾನಾಗಿ ನಿಲ್ಲುತ್ತದೆ ಅಂತ ಅವರು ಅಂದುಕೊಂಡಿದ್ದರು, ಆದರೆ ಅದು ಒಳಗೆ ಓಡುತ್ತಲೇ ಇತ್ತು. ಪಾಪ, ಅವರ ತಪ್ಪೇನಿಲ್ಲ. ಎರಡು ಪಟ್ಟಿಗಳನ್ನು ಜೋಡಿಸುವ ಜಾಯಿನ್‌ನಲ್ಲಿ ಒಂದು ಷರತ್ತು ಬಿಟ್ಟು ಕ್ವೆರಿ ನಿಧಾನ ಮಾಡಿದವನು ನಾನು.

ಓಡುವ ಕ್ವೆರಿ ರದ್ದು ಮಾಡುವ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಹಾಕಿ ಆರನ್ನೂ ನಿಲ್ಲಿಸಿದೆ. ಬಿಲ್ ಹೊರಬಂತು.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಕ್ವೆರಿ ಎಷ್ಟು ಹೊತ್ತು ಓಡಬಹುದು ಅಂತ ಹೇಳುವ ಸ್ಟೇಟ್‌ಮೆಂಟ್_ಟೈಮೌಟ್ ಮೊದಲಿಂದ 0 ಇರುತ್ತದೆ. ಅಂದರೆ ಮಿತಿಯೇ ಇಲ್ಲ, ಎಷ್ಟು ಹೊತ್ತಾದರೂ ಓಡಲಿ ಅಂತ. ಇಡೀ ಸರ್ವರ್‌ಗೆ ಒಂದೇ ಮಿತಿ ಹಾಕೋದು ನನಗೆ ಇಷ್ಟವಿಲ್ಲ, ರಾತ್ರಿಯ ದೊಡ್ಡ ಕೆಲಸಗಳೂ ಸಾಯುತ್ತವೆ. ಅದಕ್ಕೇ ರಿಪೋರ್ಟ್ ಬಳಕೆದಾರನಿಗೆ ಮಾತ್ರ ಆಲ್ಟರ್ ರೋಲ್ ಅನ್ನೋ ಆದೇಶದಿಂದ 30 ಸೆಕೆಂಡ್ ಇಟ್ಟೆ. ಸುಮ್ನೆ 30 ಅಂತ ಬರೆದರೆ ಅದು ಮಿಲಿಸೆಕೆಂಡ್! ಮೊದಲ ಸಲ ಹಾಗೇ ಬರೆದು ಎಲ್ಲಾ ರಿಪೋರ್ಟೂ ಬಿದ್ದುಹೋದವು. ಇನ್ನೊಂದು, ಹೊಸ ಮಿತಿ ಹೊಸ ಕನೆಕ್ಷನ್‌ಗಳಿಗೆ ಮಾತ್ರ. ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿನಲ್ಲಿ, ಅಂದರೆ ಪೂಲ್‌ನಲ್ಲಿದ್ದ ಹಳೆಯವನ್ನು ಮುಚ್ಚಿ ತೆರೆಯಬೇಕಾಯಿತು.

ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್ ಬಳಸುವವರಿಗೆ ಇಂಥದ್ದೇ ಮಿತಿ ಮ್ಯಾಕ್ಸ್_ಎಕ್ಸಿಕ್ಯೂಷನ್_ಟೈಮ್ ಇದೆ. ಆದರೆ ಅದು ಮಾಹಿತಿ ಓದುವ ಸೆಲೆಕ್ಟ್‌ಗಷ್ಟೇ, ಮಾಹಿತಿ ಬದಲಿಸುವ ಅಪ್‌ಡೇಟನ್ನು ತಡೆಯಲ್ಲ.

ಗುಮಾಸ್ತರು ಈಗ ದೊಡ್ಡ ರಿಪೋರ್ಟನ್ನು ಮಧ್ಯಾಹ್ನ, ಹರಾಜು ಮುಗಿದ ಮೇಲೆ ತೆಗೆಯುತ್ತಾರೆ. ಆ ಜಾಯಿನ್ ಸರಿ ಮಾಡಿದ್ದೀನಿ, ಈಗ 4 ಸೆಕೆಂಡ್ ಸಾಕು.