ಶಟರ್ ಟೀವಿಯ ಬೆನ್ನು

ತ್ಯಾಗರಾಜನಗರದ ಸೋದರತ್ತೆ ಮನೆ ಖಾಲಿ ಮಾಡುವಾಗ ಅವರ ಶಟರ್ ಟೀವಿ ಗುಜರಿಗೆ ಹೊರಟಿತ್ತು. ನಾಲ್ಕು ಕಾಲು, ಮರದ ಪೆಟ್ಟಿಗೆ, ಎರಡು ಕಡೆಯಿಂದ ಎಳೆದು ಮುಚ್ಚುವ ಬಾಗಿಲು. ಬೇಡ, ನಾನು ತಗೊಂಡು ಹೋಗ್ತೀನಿ ಅಂದೆ. ಆಟೋದೊಳಗೆ ಹಿಡಿಸಲಿಲ್ಲ. ಗೂಡ್ಸ್ ಗಾಡಿ ಮಾಡಿಕೊಂಡು ತಂದೆ.

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್‌ನಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶದಲ್ಲಿ ಬಣ್ಣದ ಪ್ರಸಾರ ಶುರುವಾಯಿತು. ಆದರೂ ತುಂಬಾ ಮನೆಗಳಲ್ಲಿ ಇನ್ನೂ ಎಷ್ಟೋ ವರ್ಷ ಕಪ್ಪು ಬಿಳುಪೇ ಇತ್ತು. ಡಯನೋರಾ, ಸಾಲಿಡೇರ್ ಇಂಥ ಹೆಸರುಗಳು ನಿಮಗೂ ನೆನಪಿರಬಹುದು. ನನಗೆ ಈ ಟೀವಿಯಲ್ಲಿ ಜಾಸ್ತಿ ಇಷ್ಟ ಅದರ ಶಟರ್. ತೆಳ್ಳಗಿನ ಮರದ ಪಟ್ಟಿಗಳನ್ನು ಸಾಲಾಗಿ ಬಟ್ಟೆಯ ಮೇಲೆ ಅಂಟಿಸಿದ್ದಾರೆ. ಎಳೆದರೆ ಅದು ಜಾಡಿನಲ್ಲಿ ಜಾರಿ, ಮೂಲೆಯಲ್ಲಿ ಬಾಗಿ, ಪಕ್ಕಕ್ಕೆ ಹೋಗಿ ಅಡಗಿಕೊಳ್ಳುತ್ತದೆ. ಮುಚ್ಚಿದರೆ ಥೇಟ್ ಬೀರು. ಹಿಂದಕ್ಕೆ ಹೋಗಿ ನೋಡಿದರೆ ಮಾತ್ರ ಗೂನುಬೆನ್ನು.

ಹಳೆಯ ಟೀವಿಗಳ ವಿಚಿತ್ರ ಆಕಾರಗಳ ಕಥೆಯೆಲ್ಲ ಈ ಬೆನ್ನಿನ ಕಥೆ ಅಂತ ನನಗೆ ಅನ್ನಿಸುತ್ತದೆ. ಚಿತ್ರ ಮೂಡಿಸುವ ಗಾಜಿನ ಪಿಕ್ಚರ್ ಟ್ಯೂಬಿನ ಕುತ್ತಿಗೆಯಲ್ಲಿ ಕಿರಣ ಹಾರಿಸುವ ಎಲೆಕ್ಟ್ರಾನ್ ಗನ್ ಇರುತ್ತದೆ. ಅಲ್ಲಿಂದ ಹೊರಟ ಕಿರಣ ಪರದೆಯ ನಾಲ್ಕೂ ಮೂಲೆ ಮುಟ್ಟಬೇಕು. ಪರದೆ ದೊಡ್ಡದಾದರೆ ಟ್ಯೂಬೂ ಉದ್ದವಾಗಲೇಬೇಕು. 1950ರ ದಶಕದಲ್ಲಿ ಕಿರಣ ಬಾಗುವ ಕೋನವನ್ನು 70 ಡಿಗ್ರಿಯಿಂದ 90ಕ್ಕೆ, ಆಮೇಲೆ 110ಕ್ಕೆ ಏರಿಸಿ ಬೆನ್ನನ್ನು ಅಷ್ಟಿಷ್ಟು ಕರಗಿಸಿದರು. ಪೂರ್ತಿ ಹೋಗಲಿಲ್ಲ. ಹಾಗಾಗಿ ಅದನ್ನು ಎಲ್ಲಿ ಬಚ್ಚಿಡೋದು ಅಂತ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದರು. ನಮ್ಮವರು ಬೀರು ಮಾಡಿದರು.

ಅಮೆರಿಕದ ಫಿಲ್ಕೋ ಕಂಪನಿ 1958ರಲ್ಲಿ ತಂದ ಪ್ರೆಡಿಕ್ಟಾದಲ್ಲಿ ಟ್ಯೂಬನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದುಬಿಟ್ಟರು. ಕೆಳಗೆ ಡಬ್ಬ, ಮೇಲೆ ಕನ್ನಡಿಯ ಹಾಗೆ ತಿರುಗುವ ಪರದೆ. ನೋಡೋಕೆ ಅಷ್ಟು ಚೆಂದ, ಆದರೆ ಪದೇ ಪದೇ ರಿಪೇರಿಗೆ ಬರುತ್ತಿತ್ತು. 1961ರಲ್ಲಿ ಫಿಲ್ಕೋವನ್ನೇ ಫೋರ್ಡ್ ಕೊಂಡುಕೊಂಡಿತು. ಜರ್ಮನಿಯ ಕೂಬಾ ಕೋಮೆಟ್ ಇದಕ್ಕೆ ಪೂರಾ ಉಲ್ಟಾ: ಆಳೆತ್ತರದ, ಹಾಯಿದೋಣಿಯಂಥ ಮರದ ಪೀಠೋಪಕರಣ, ಮೇಲಿನ ಭಾಗ ಹಾಯಿಯ ಹಾಗೆ ತಿರುಗುತ್ತದೆ, ಕೆಳಗೆ ರೇಡಿಯೊ, ರೆಕಾರ್ಡ್ ಪ್ಲೇಯರ್, ಸ್ಪೀಕರು ಎಲ್ಲ ಒಳಗೇ. 1970ರ ಜೆವಿಸಿ ವಿಡಿಯೊಸ್ಫಿಯರ್ ಅಂತೂ ಗಗನಯಾತ್ರಿಯ ಹೆಲ್ಮೆಟ್. ಚಂದ್ರನ ಮೇಲೆ ಮನುಷ್ಯ ಇಳಿದ ಮರುವರ್ಷ ಅಲ್ವಾ. ಗುಂಡಗೆ ಮಾಡಿದರೆ ಬೆನ್ನು ಯಾವುದು, ಹೊಟ್ಟೆ ಯಾವುದು ಅಂತ ಯಾರೂ ಕೇಳುವುದಿಲ್ಲ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುದ್ದಾದದ್ದು ಇಟಲಿಯ ಬ್ರಿಯಾನ್‌ವೇಗಾ ಆಲ್ಗಾಲ್. 1964ರದ್ದು, ಮಾರ್ಕೊ ಜನೂಸೊ ಮತ್ತು ರಿಚರ್ಡ್ ಸ್ಯಾಪರ್ ವಿನ್ಯಾಸ. 11 ಇಂಚಿನ ಪರದೆ ಸ್ವಲ್ಪ ಮೇಲಕ್ಕೆ ಓರೆಯಾಗಿದೆ. ನೆಲದ ಮೇಲೆ ಇಟ್ಟರೆ ಯಜಮಾನನ ಮುಖ ನೋಡುವ ನಾಯಿಮರಿಯ ಹಾಗೆ ಕತ್ತೆತ್ತಿ ನೋಡುತ್ತದೆ. ಅದರ ಫೋಟೊ ಎಷ್ಟು ಸಲ ನೋಡಿದ್ದೇನೋ.

ಆಡಿಯೊದಲ್ಲೂ ಇದೇ ಕಥೆ. ಬ್ರೌನ್ ಕಂಪನಿಯ ಎಸ್‌ಕೆ 4 ಅಂತ 1956ರ ರೇಡಿಯೊಗ್ರಾಮ್ ಇದೆ, ಅಂದರೆ ರೇಡಿಯೊ, ರೆಕಾರ್ಡ್ ಪ್ಲೇಯರ್ ಎರಡೂ ಒಂದರಲ್ಲೇ. ಹನ್ಸ್ ಗುಗೆಲೊಟ್ ಮತ್ತು ಡೀಟರ್ ರಾಮ್ಸ್ ಮಾಡಿದ್ದು. ಮೊದಲು ತಗಡಿನ ಮುಚ್ಚಳ ಹಾಕಿ ನೋಡಿದರೆ ಹಾಡಿನ ಸದ್ದಿಗೆ ಅದು ಗಡಗಡ ಅಂದಿತು. ಅದಕ್ಕೇ ಪಾರದರ್ಶಕ ಪ್ಲಾಸ್ಟಿಕ್ ಹಾಕಿದರು. ಇವತ್ತಿಗೂ ರೆಕಾರ್ಡ್ ಪ್ಲೇಯರ್ ಅಂದರೆ ಅಂಥದ್ದೇ ಮುಚ್ಚಳ.

ನನ್ನ ವಾಲ್ವ್ ರೇಡಿಯೊ ಸಿಕ್ಕಿದ್ದು ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ. ಹಾಕಿದ ತಕ್ಷಣ ಅದು ಮಾತಾಡುವುದಿಲ್ಲ. ಒಳಗಿನ ಗಾಜಿನ ವಾಲ್ವ್ ಬಿಸಿಯಾಗಬೇಕು. ಆಮೇಲೆ ಸ್ಟೇಷನ್ ಸಿಕ್ಕಿತೇ ಅಂತ ತೋರಿಸುವ ದೀಪ, ಮ್ಯಾಜಿಕ್ ಐ, ಹಸಿರಾಗಿ ಕಣ್ಣು ಬಿಡುತ್ತದೆ, ಸ್ಟೇಷನ್ ಸರಿಯಾಗಿ ಸಿಕ್ಕರೆ ಆ ಹಸಿರಿನ ನಡುವಿನ ಕಪ್ಪು ಕಿರಿದಾಗುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಂದರೆ ಡಯಲಿನಲ್ಲಿ ಸುಮಾರು 490 ಮೀಟರ್. ಸ್ಟೇಷನ್ ಹಿಡಿದರೂ ಮನೆಯ ಎಲ್‌ಇಡಿ ಬಲ್ಬುಗಳು ಗರ್ ಅನ್ನುತ್ತವೆ. ಅವನ್ನೆಲ್ಲ ಆರಿಸಿ ಕತ್ತಲಲ್ಲಿ ಕೂತು ಕೇಳುತ್ತೇನೆ. ಆಗ ಡಯಲಿನ ಹಳದಿ ಬೆಳಕು ಇನ್ನೂ ಚೆಂದ.

ಈಗ ಹಳೆಯ ರೇಡಿಯೊ ಥರ ಕಾಣುವ ಬ್ಲೂಟೂತ್ ಸ್ಪೀಕರುಗಳು ಎಲ್ಲೆಲ್ಲೂ ಇವೆ. ಕೆಲವಕ್ಕೆ ಡಯಲ್ ಸುಮ್ನೆ ಅಂಟಿಸಿದ ಚಿತ್ರ, ಅದರ ಮುಳ್ಳು ಅಲ್ಲಾಡುವುದೇ ಇಲ್ಲ. ನನಗೆ ಇದು ಬೇಜಾರು. 2017ರಲ್ಲಿ ಬಂದ ಸರೆಗಮ ಕಂಪನಿಯ ಕಾರವಾನ್ ಹಾಗಲ್ಲ. ಒಳಗೆ 5000 ಹಾಡು ತುಂಬಿಟ್ಟಿದ್ದಾರೆ, ದೊಡ್ಡ ನಾಬ್ ತಿರುಗಿಸಿದರೆ ನಿಜಕ್ಕೂ ಗಾಯಕರು ಬದಲಾಗುತ್ತಾರೆ. ಅಮ್ಮ ಕನ್ನಡಕ ಇಲ್ಲದೆ ಅದನ್ನು ನಡೆಸುತ್ತಾರೆ. 2015ರ ಸ್ಯಾಮ್ಸಂಗ್ ಸೆರಿಫ್ ಟೀವಿಯೂ ನನಗೆ ಇಷ್ಟ, ಕಾರಣ ಮತ್ತೆ ಬೆನ್ನೇ. ಅದರ ಹಿಂಬದಿಗೆ ಬಟ್ಟೆಯ ಹೊದಿಕೆ ಕೊಟ್ಟು ವೈರುಗಳನ್ನು ಮುಚ್ಚಿದ್ದಾರೆ, ಕೋಣೆಯ ನಡುವೆ ಇಡಬಹುದು.

ನಮ್ಮ ಶಟರ್ ಟೀವಿಗೆ ಎಲ್‌ಸಿಡಿ ಪ್ಯಾನೆಲ್ ಕೂರಿಸು ಅಂತ ಇಬ್ಬರು ಗೆಳೆಯರು ಹೇಳಿದರು. ಒಪ್ಪಲಿಲ್ಲ. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಒಣಗಿಹೋಗಿದ್ದ ಕೆಪಾಸಿಟರುಗಳನ್ನೆಲ್ಲ ಬದಲಾಯಿಸಿದರು. ನೀವು ಯಾರಾದರೂ ಇಂಥದ್ದನ್ನು ಬಿಚ್ಚುವುದಿದ್ದರೆ ದಯವಿಟ್ಟು ಹುಷಾರು. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಗೊತ್ತಿದ್ದವರು ಅದನ್ನು ಇಳಿಸುವ ತನಕ ಕೈ ಹಾಕಬೇಡಿ.

ಸೆಟ್‌ಟಾಪ್ ಬಾಕ್ಸಿನ ಚಿತ್ರವನ್ನು ಹಳೆಯ ಟೀವಿಗೆ ಅರ್ಥವಾಗುವ ಆಂಟೆನಾ ಸಿಗ್ನಲ್ ಮಾಡುವ ಮಾಡ್ಯುಲೇಟರನ್ನು ಎಸ್‌ಪಿ ರೋಡಿನಿಂದ ತಂದು, ಹಳೆಯ ಆಂಟೆನಾ ಕಿಂಡಿಗೆ ಸಿಕ್ಕಿಸಿ ಬಾಕ್ಸ್ ಜೋಡಿಸಿದೆವು. ಮೊದಲು ಚುಕ್ಕಿ ಚುಕ್ಕಿ. ಆಮೇಲೆ ಚಿತ್ರ ಮೇಲಿಂದ ಕೆಳಕ್ಕೆ ಉರುಳತೊಡಗಿತು. ವರ್ಟಿಕಲ್ ಹೋಲ್ಡ್ ಅನ್ನೋ ನಾಬ್ ತಿರುಗಿಸಿದೆ, ನಿಂತಿತು. ಕಪ್ಪು ಬಿಳುಪಿನಲ್ಲಿ ದೂರದರ್ಶನ ಚಂದನದ ವಾರ್ತೆ. ಅತ್ತೆ ಪೂರ್ತಿ ನೋಡಿದರು. ಮುಗಿದ ಮೇಲೆ ಎದ್ದು, ಯಾರೂ ಹೇಳದೆಯೇ ಎರಡೂ ಕಡೆಯ ಶಟರ್ ಎಳೆದು, ಸೆರಗಿನಿಂದ ಮೇಲಿನ ಧೂಳು ಒರೆಸಿ ಕಾಫಿಗೆ ಒಳಗೆ ಹೋದರು.